ಹಸ್ತ ಮಳೆ ಮುಗಿದ ಮೇಲೆ ಬ್ಯಾಣದ ಕಡೆ

ಆತ್ಮೀಯ ಓದುಗರೇ,

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ನಮ್ಮಲ್ಲಿ ಕೆಲವರು ದಸರಾ, ದೀಪಾವಳಿಗೆ ಊರಿಗೆ ಹೊರಟಿರುತ್ತಾರೆ. ಅದರಲ್ಲಿ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರ, ಕೊಪ್ಪದ ಕಡೆಯವರೇ ಜಾಸ್ತಿ. ಅವರ ರಜೆಯ ಪ್ಲಾನ್ ನನಗೆ ಬಾಯಿಪಾಠ. ಜೋಗ, ಆಗುಂಬೆಯ ಸೂರ್ಯಾಸ್ತ, ಶೃಂಗೇರಿ, ಕೊಲ್ಲೂರು, ಸಕ್ರೆಬೈಲಿನ ಆನೆ, ಮಧ್ಯೆ ನೆಂಟರ ಮನೆಗಳ ಊಟ. ವಾಪಸ್ ಬಂದ ಮೇಲೆ ಎಲ್ಲರ ಫೋನಿನಲ್ಲೂ ಅದೇ ಫೋಟೊಗಳು. ಈ ಸಲ ಒಂದು ಬೆಳಗ್ಗೆಯನ್ನು ಉಳಿಸಿಕೊಳ್ಳಿ, ನಿಮ್ಮದೇ ಮನೆ ಹಿಂದಿನ ಬ್ಯಾಣಕ್ಕೆ, ಅಂದರೆ ಹುಲ್ಲುಗುಡ್ಡಕ್ಕೆ, ಹೂ ನೋಡಲು ಹೋಗಿ ಬನ್ನಿ ಅಂತ ಕೇಳಿಕೊಳ್ಳುವುದಕ್ಕೆ ಈ ಮಾತು.

ನಮ್ಮ ವಾಕಿಂಗ್ ಗುಂಪಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಉತ್ತರ ಅಮೆರಿಕದಲ್ಲಿ ಸೆಪ್ಟೆಂಬರ್ ಕಳೆಯಿತು ಅಂದರೆ ಎಲ್ಲರೂ ಮರದ ಎಲೆ ನೋಡುತ್ತಾ ತಲೆ ಎತ್ತಿಕೊಂಡೇ ಓಡಾಡುತ್ತಾರೆ. ಈ ಗುಂಪಿನವರು ತಲೆ ತಗ್ಗಿಸಿ ನಡೆಯುವುದನ್ನು ಕಲಿತಿದ್ದಾರೆ. ದಾರಿ ಬದಿಯ ನೇರಳೆ ಆಸ್ಟರ್, ಹಳದಿ ಗೋಲ್ಡನ್‌ರಾಡ್ ಅವರಿಗೆ ಗುರುತು. ಗೋಲ್ಡನ್‌ರಾಡ್ ಕಂಡರೆ ಮೂಗು ಮುಚ್ಚಿಕೊಳ್ಳುವವರು ಇನ್ನೂ ಇದ್ದಾರೆ, ಪಾಪ. ಸೀನು ತರಿಸುವುದು ಅದಲ್ಲ. ಅದೇ ಹೊತ್ತಿಗೆ ಹೂ ಬಿಡುವ ರ‍್ಯಾಗ್‌ವೀಡ್ ಅಂತ ಇನ್ನೊಂದು ಗಿಡ. ಅದರ ಪರಾಗ ಗಾಳಿಯಲ್ಲಿ ಹಾರುತ್ತದೆ. ಗೋಲ್ಡನ್‌ರಾಡಿನ ಪರಾಗ ಭಾರ, ಅಂಟು. ಜೇನು, ದುಂಬಿಗಳೇ ಹೊತ್ತುಕೊಂಡು ಹೋಗಬೇಕು. ಇನ್ನು ಎಲ್ಲ ಮುಗಿಯಿತು ಅನ್ನುವಾಗ ವಿಚ್ ಹೇಝಲ್ ಎಲೆ ಉದುರಿದ ಕೊಂಬೆಯಲ್ಲಿ ಹಳದಿ ಎಸಳು ಬಿಚ್ಚುತ್ತದೆ. ಇಷ್ಟನ್ನೆಲ್ಲ ಇಲ್ಲಿ ಕಲಿತವರು ಊರಿನಲ್ಲಿ ಮಾತ್ರ ಕಾರಿನಿಂದ ಇಳಿಯುವುದೇ ಇಲ್ಲ. ಅದೇ ಬೇಜಾರು.

ಮಲೆನಾಡಿನ ಹೂ ಅಂದ ತಕ್ಷಣ ನಮ್ಮವರ ಬಾಯಲ್ಲಿ ಬರುವುದು ಸುರಗಿ, ಸೀತಾಳೆ ದಂಡೆ, ಕೇದಗೆ. ಅಕ್ಟೋಬರಿನಲ್ಲಿ ಹೋಗಿ ಸುರಗಿ ಕೇಳಿದರೆ ಊರಿನವರು ನಗುತ್ತಾರೆ. ಅದು ಬೇಸಿಗೆ ಶುರುವಾಗುವಾಗಿನ ಹೂ. ಸೀತಾಳೆ ದಂಡೆ ಮುಂಗಾರು ಹಿಡಿಯುವ ಹೊತ್ತಿಗೆ ಮರದ ಮೇಲೆ ತೂಗಿ ಮುಗಿದಿರುತ್ತದೆ. ಮಳೆಗಾಲದ ಕೊನೆಯ ಹೂಗಳ ಸಾಲೇ ಬೇರೆ. ಅದರ ಲೆಕ್ಕ ಹಿಡಿಯುವುದಕ್ಕೆ ಇಂಗ್ಲಿಷ್ ತಿಂಗಳಿಗಿಂತ ಮಳೆ ನಕ್ಷತ್ರವೇ ಅನುಕೂಲ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 10ರ ಆಸುಪಾಸಿನವರೆಗೆ ಹಸ್ತ. ಆಮೇಲೆ ಚಿತ್ತೆ, ಸ್ವಾತಿ, ವಿಶಾಖ. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಹಸ್ತ ಮುಗಿದು ಚಿತ್ತೆಗೆ ಕಾಲಿಡುವಾಗ ಮುಂಗಾರು ಹಿಂದೆ ಸರಿಯುತ್ತದೆ. ಬೆಳಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು. ನೆಲ ಇನ್ನೂ ಹಸಿ, ಆದರೆ ಉಂಬಳದ (ಜಿಗಣೆಯ) ಕಾಟ ಕಡಿಮೆ. ನಡೆಯಲು ಇದಕ್ಕಿಂತ ಒಳ್ಳೆ ಹೊತ್ತಿಲ್ಲ.

ಎಲ್ಲಿಗೆ ಹೋಗಬೇಕು? ದಟ್ಟ ಕಾಡಿಗಲ್ಲ. ಕಾನಿನ ಒಳಗೆ ನೆಲಕ್ಕೆ ಬಿಸಿಲು ಬೀಳುವುದಿಲ್ಲ, ಅಲ್ಲಿ ಸಣ್ಣ ಹೂ ಕಡಿಮೆ. ಹುಲ್ಲು ಬೆಳೆಯುವ ಬ್ಯಾಣ, ಗದ್ದೆ ಅಂಚು, ತೋಟದ ಅಗಳಿನ (ಕಂದಕದ) ಬದಿ, ಮತ್ತೆ ಮುಖ್ಯವಾಗಿ ಜಂಬಿಟ್ಟಿಗೆ ಕಲ್ಲಿನ ಅರೆ, ಅಂದರೆ ಹಾಸುಬಂಡೆ. ಹೊಸನಗರ, ಸಾಗರದ ಕಡೆ ಗುಡ್ಡದ ನೆತ್ತಿಯಲ್ಲಿ ಇಂಥ ಅರೆಗಳಿವೆ. ಬೇಸಿಗೆಯಲ್ಲಿ ನೋಡಿದರೆ ಕಾದ ಕಪ್ಪು ಕಲ್ಲು, ದನ ಕೂಡ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಆ ಕಲ್ಲಿನ ಗುಂಡಿಗಳಲ್ಲಿ ಬೆರಳು ದಪ್ಪದ ಮಣ್ಣು, ಅದರ ಮೇಲೆ ತೆಳ್ಳಗೆ ನೀರು. ಅಲ್ಲಿ ಬೇರು ಬಿಡುವ ಗಿಡಕ್ಕೆ ಸಿಗುವ ಕಾಲ ಬಹಳ ಕಮ್ಮಿ. ಮಳೆ ನಿಂತು ಕೆಲವು ವಾರದಲ್ಲಿ ಕಲ್ಲು ಒಣಗುತ್ತದೆ. ಅಷ್ಟರೊಳಗೆ ಮೊಳೆತು, ಹೂಬಿಟ್ಟು, ಬೀಜ ಉದುರಿಸಿ ಮುಗಿಸಬೇಕು. ಹಾಗಾಗಿ ಕೊನೆಯಲ್ಲಿ ಎಲ್ಲವೂ ಒಟ್ಟಿಗೇ ಮುಗಿಬಿದ್ದು ಅರಳುತ್ತವೆ.

ಅರೆಯ ಮೇಲೆ ನಿಂತು ನೋಡಿದರೆ ಏನೂ ಕಾಣುವುದಿಲ್ಲ, ಕೂತು ನೋಡಬೇಕು. ಬಿಳಿ ಗುಂಡಿಯಂಥ ತಲೆ ಹೊತ್ತು ನಿಂತ ಎರಿಯೋಕಾಲನ್ ಮೊದಲು ಕಣ್ಣಿಗೆ ಬೀಳುತ್ತದೆ. ಅದರ ನಡುವೆ ನೀಲಿ ನೇರಳೆಯ ಪುಟ್ಟ ಹೂ ಇದ್ದರೆ ಅದು ಯುಟ್ರಿಕ್ಯುಲೇರಿಯ. ನೋಡಲು ಬಹಳ ಸಾಧು. ಬುಡದ ಹಸಿ ಮಣ್ಣಿನೊಳಗೆ ಅದು ಕಾಳಿಗಿಂತ ಸಣ್ಣ ಚೀಲಗಳನ್ನು ಇಟ್ಟುಕೊಂಡಿರುತ್ತದೆ. ನೀರಿನ ಸೂಕ್ಷ್ಮಜೀವಿ ಚೀಲದ ಬಾಯಿಯ ಕೂದಲು ಮುಟ್ಟಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಒಳಗೆಳೆದು ಬಾಗಿಲು ಹಾಕಿಕೊಳ್ಳುತ್ತದೆ. ಪಕ್ಕದಲ್ಲೇ ಕೆಂಪು ಕೂದಲಿನ ತುದಿಗೆ ಅಂಟು ಹನಿ ಹೊತ್ತ ಡ್ರಾಸೆರಾ. ಅದರದೂ ಅದೇ ಕಸುಬು, ಆದರೆ ಬಹಿರಂಗವಾಗಿ. ಮಳೆ ತೊಳೆದ ಕಲ್ಲಿನ ಮಣ್ಣಿನಲ್ಲಿ ಸಾರಜನಕ ಇಲ್ಲ ಅನ್ನುವಷ್ಟು ಕಡಿಮೆ. ಬೇರಿನಿಂದ ಸಿಗದ್ದನ್ನು ನೊಣ, ಹುಳದಿಂದ ಸರಿದೂಗಿಸಿಕೊಳ್ಳುತ್ತವೆ. ಹುಳ ತಿನ್ನುವ ಗಿಡ ನೋಡಬೇಕು ಅಂತ ಇಲ್ಲಿನ ಬೊಟಾನಿಕಲ್ ಗಾರ್ಡನ್‌ಗೆ ಟಿಕೆಟ್ ಕೊಟ್ಟು ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಅಜ್ಜನ ಮನೆ ಗುಡ್ಡದ ಮೇಲೆ ಪುಕ್ಕಟೆ ಇದೆ.

ಹುಲ್ಲಿನ ಕಡೆ ಬಂದರೆ ಹಳದಿ ಸ್ಮಿಥಿಯ, ಹಸಿ ಬರೆಯಲ್ಲಿ ನಸುಗೆಂಪಿನ ಕಾಡು ಕರ್ಣಕುಂಡಲ. ಬಲಿತ ಕಾಯಿಯನ್ನು ಮಕ್ಕಳ ಕೈಲಿ ಮುಟ್ಟಿಸಿ, ಪಟ್ ಅಂತ ಒಡೆದು ಬೀಜ ಸಿಡಿಯುತ್ತದೆ. ದೊಡ್ಡವರಿಗೂ ಒಂದರಲ್ಲಿ ಸಮಾಧಾನ ಆಗುವುದಿಲ್ಲ. ಬೇಲಿಯಲ್ಲಿ ತಡವಾಗಿ ಬಿಟ್ಟ ಗೌರಿ ಹೂ ಒಂದೆರಡು ಸಿಗಬಹುದು. ಎಸಳು ಮೇಲಕ್ಕೆ ಮಡಚಿ, ಹಳದಿಯಿಂದ ಕೆಂಪಿಗೆ ತಿರುಗಿ ನಿಂತಿರುತ್ತದಲ್ಲ, ಅದೇ. ಅದನ್ನು ಮಾತ್ರ ಕಣ್ಣಲ್ಲೇ ನೋಡಿ. ಗಿಡವೆಲ್ಲ ವಿಷ, ಗೆಡ್ಡೆ ಇನ್ನೂ ಜಾಸ್ತಿ. ಅದರಲ್ಲಿರುವ ಕಾಲ್ಚಿಸಿನ್ ಅನ್ನು ಗೌಟ್ ಅನ್ನುವ ಕೀಲುನೋವಿನ ಕಾಯಿಲೆಗೆ ಔಷಧಿ ಮಾಡುತ್ತಾರೆ ನಿಜ, ಅದು ವೈದ್ಯರ ಲೆಕ್ಕಾಚಾರ. ನೆಕ್ಕರಿಕದ ನೇರಳೆ ಹೂ ಅಂತೂ ಇದ್ದೇ ಇರುತ್ತದೆ, ಹಣ್ಣು ತಿಂದರೆ ನಾಲಿಗೆ ಕಪ್ಪು.

ಊರಿನಲ್ಲಿ ಈ ಓಡಾಟ ನಾವು ಪರದೇಶದಿಂದ ತಂದ ಹೊಸ ಶೋಕಿ ಅಂತ ಅಂದುಕೊಳ್ಳಬೇಡಿ. ಆಶ್ವೀಜ ಹುಣ್ಣಿಮೆಗೆ ಭೂಮಿ ಹುಣ್ಣಿಮೆ ಮಾಡುವ ಮನೆಗಳಲ್ಲಿ ಹಬ್ಬದ ಹಿಂದಿನ ದಿನ ಗುಡ್ಡ ಸುತ್ತುವುದು ವಾಡಿಕೆ. ಗದ್ದೆಯಲ್ಲಿ ಭತ್ತ ಹೊಡೆ ಬಿಚ್ಚುವ ಕಾಲ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು. ಅದಕ್ಕೆ ನೂರೊಂದು ಕುಡಿ ಸೇರಿಸಿ ಬೆರಕೆ ಸೊಪ್ಪು ಮಾಡಬೇಕು. ರಾತ್ರಿಯೆಲ್ಲ ಅಡುಗೆ. ಬೆಳಗಿನ ಜಾವ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗಿ ಚರಗ (ಭೂಮಿಗೆ ನೈವೇದ್ಯ) ಚೆಲ್ಲುತ್ತಾರೆ. ಕಾಗೆಗೂ ಇಲಿಗೂ ಪಾಲು ಇರುತ್ತದೆ. ಬುಟ್ಟಿಯ ಚಿತ್ತಾರದಲ್ಲಿ ದೀವರ ಸಮುದಾಯದ ಹೆಣ್ಣುಮಕ್ಕಳ ಕೈಚಳಕ ನೋಡಬೇಕು.

ಈ ನೂರೊಂದು ಅನ್ನುವುದು ಬರೀ ಬಾಯಿಮಾತು ಅಂತ ತಳ್ಳಿಹಾಕಬೇಡಿ. ಲೆಕ್ಕ ಪೂರ್ತಿ ಆಗದೇ ಇರಬಹುದು. ಆದರೆ ಸೊಪ್ಪು ಕೊಯ್ಯುವವರಿಗೆ ಯಾವುದಕ್ಕೆ ಕೈ ಹಾಕಬಹುದು, ಯಾವುದಕ್ಕೆ ಬೇಡ, ಯಾವುದು ಬೇಯಿಸಿದರೆ ನಂಜು ಹೋಗುತ್ತದೆ ಅನ್ನುವುದು ಗೊತ್ತಿರಬೇಕಲ್ಲ. ಹೋದ ಸಲ ನಾನು ಗದ್ದೆ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ನೀಲಿ ಹೂವಿನ ಫೋಟೊಕ್ಕೆ ಒದ್ದಾಡುತ್ತಿದ್ದೆ. ನನ್ನ ಚಿಕ್ಕಮ್ಮ ಬಂದವರು, ‘ಎಂತ ಮಾರಾಯ, ಆ ಕನ್ನೆ ಸೊಪ್ಪಿಗೆ ಇಷ್ಟು ಹೊತ್ತಾ? ಬಿಸಿಲು ಏರಿದ್ರೆ ಹೂ ಮುದುಡ್ತದೆ, ಬೇಗ ತೆಗಿ’ ಅಂದರು. ಹೌದು, ಕನ್ನೆಯ ಹೂ ಬೆಳಗ್ಗೆ ಬಿಚ್ಚಿ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಆಮೇಲೆ ಅವರೇ ಅಂಚಿನುದ್ದಕ್ಕೂ ತೋರಿಸುತ್ತ ಹೋದರು. ಒಂದೆಲಗ, ಚಗಟೆ, ತುಂಬೆ, ನೆಕ್ಕರಿಕದ ಕುಡಿ. ನಾನು ಹೂ ನೋಡಿ ಗುರುತು ಹಿಡಿಯುವವನು. ಅವರು ಚಿಗುರು ನೋಡಿಯೇ ಹೇಳುತ್ತಾರೆ. ಹೂ ಬಿಡುವವರೆಗೆ ಕಾಯುವ ದರ್ದು ಅವರಿಗಿಲ್ಲ, ಅಷ್ಟು ಹೊತ್ತಿಗೆ ತಂಬುಳಿಯೇ ಆಗಿರುತ್ತದೆ. ಫೋಟೊ ನೋಡಿ ಗಿಡ ಗುರುತಿಸುವ ಫೋನಿನ ಐನ್ಯಾಚುರಲಿಸ್ಟ್ ಆ್ಯಪ್ ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಮೊದಲು ಮನೆಯ ಹಿರಿಯ ಹೆಂಗಸರನ್ನು ಜೊತೆಗೆ ಕರೆದುಕೊಂಡು ಹೋಗಿ. ಆ್ಯಪ್ ಮುಂದಿನ ವರ್ಷವೂ ಸಿಗುತ್ತದೆ.

ಬ್ಯಾಣಕ್ಕೆ ಹೋದರೆ ಪರಿಚಯದ ಮುಖವೂ ಒಂದು ಸಿಗುತ್ತದೆ. ನವೆಂಬರ್ ಬರುವಾಗ ರಸ್ತೆ ಬದಿಯಲ್ಲೆಲ್ಲ ಮಾಸಲು ಬಿಳಿ ಹೂ ಹೊತ್ತು ನಿಲ್ಲುವ ಯುಪಟೋರಿಯಂ ಆಸ್ಟರಿನ ಕುಟುಂಬದ್ದೇ. ಫ್ಲಾರಿಡಾದಿಂದ ಅರ್ಜೆಂಟೀನಾದವರೆಗೆ ಅದರ ತವರು. ಮುಟ್ಟಿದರೆ ಮುನಿಯೂ ಅಮೆರಿಕದ ಕಡೆಯದೇ. ದೀಪಾವಳಿಗೆ ಬಾಗಿಲಿಗೆ ಕಟ್ಟುವ ಚೆಂಡುಹೂ ಮೆಕ್ಸಿಕೋದ್ದು. ನಾವು ಆ ಕಡೆ ಹೋದೆವು, ಅವು ಈ ಕಡೆ ಬಂದವು. ಚೆಂಡುಹೂ ಮನೆಯವರ ಹಾಗೆ ಹೊಂದಿಕೊಂಡಿತು. ಯುಪಟೋರಿಯಂ ಮಾತ್ರ ಬಂದಲ್ಲೆಲ್ಲ ಬೇರೆಯವರಿಗೆ ಜಾಗ ಬಿಡದೆ ಕೂತಿದೆ. ಚಿಟ್ಟೆಗಳಿಗೆ ಅದರ ಮೇಲೆ ಸಿಟ್ಟಿಲ್ಲ, ಹೂ ಬಿಟ್ಟಾಗ ಮುತ್ತಿಕೊಂಡಿರುತ್ತವೆ.

ಕುರಿಂಜಿಯ ವಿಷಯ ಕೇಳುವವರು ಇದ್ದಾರೆ. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಗಳಲ್ಲಿ ಅರಳಿದಾಗ ನಮ್ಮ ವಾಟ್ಸಾಪ್ ಗುಂಪು ನೀಲಿಯಾಗಿತ್ತು. ಅದರಲ್ಲಿ ಹಲವು ಜಾತಿ, ಒಂದೊಂದಕ್ಕೂ ಬೇರೆ ಬೇರೆ ಅವಧಿ. ಹೆಸರಾದ ನೀಲಕುರಿಂಜಿಗೆ 12 ವರ್ಷ. ಒಮ್ಮೆ ಹೂಬಿಟ್ಟು, ಬೀಜ ಉದುರಿಸಿ, ಗಿಡ ಸತ್ತೇ ಹೋಗುತ್ತದೆ. ನೋಡಲು ಸಿಕ್ಕರೆ ಭಾಗ್ಯ. ಸಿಗದಿದ್ದರೆ ಅದೊಂದಕ್ಕೇ ಕಾದು ಕೂರುವುದರಲ್ಲಿ ಅರ್ಥ ಇಲ್ಲ. ಕೈಗೆ ಸಿಕ್ಕ ಗೊಂಚಲು ಮುರಿದು ಸೆಲ್ಫಿ ತೆಗೆದರೆ ಆ ಗಿಡದ ಮುಂದಿನ ತಲೆಮಾರಿನ ಬೀಜವನ್ನೇ ಕಿತ್ತ ಹಾಗೆ, ಅಷ್ಟು ನೆನಪಿರಲಿ.

ಊರಿನಲ್ಲಿ ಈಗ ಬ್ಯಾಣವೇ ಉಳಿಯುತ್ತಿಲ್ಲ ಅನ್ನುವುದನ್ನೂ ಹೇಳಲೇಬೇಕು. ‘ಅಲ್ಲಿ ಏನೂ ಇಲ್ಲ, ಬರೀ ಹುಲ್ಲು’ ಅಂತ ಹುಲ್ಲುಗುಡ್ಡಗಳಿಗೆಲ್ಲ ಅಕೇಶಿಯ ನೆಟ್ಟರು. ಅದರ ಒಣ ಎಲೆ ದಪ್ಪಗೆ ಹಾಸಿದ ಕಡೆ ಸಣ್ಣ ಗಿಡ ಏಳುವುದಿಲ್ಲ. ತೋಟದ ಅಂಚಿಗೆ, ರಸ್ತೆಯ ಬದಿಗೆ ಈಗ ಕಳೆನಾಶಕ ಹೊಡೆಯುತ್ತಾರೆ. ಕೂಲಿಯವರು ಸಿಗುವುದಿಲ್ಲ, ಕತ್ತಿಯಲ್ಲಿ ಸವರಿಸಲು ದುಡ್ಡು ಸಾಲುವುದಿಲ್ಲ. ಇಲ್ಲಿ ಕೂತ ನಾವು ಉಪದೇಶ ಮಾಡುವುದು ಸುಲಭ, ಅಡಿಕೆ ಕೊಯ್ಲಿಗೆ ಅಂಗಳ, ತೋಟ ಸಿದ್ಧ ಮಾಡಬೇಕಾದವರ ಕಷ್ಟ ಅವರಿಗೇ ಗೊತ್ತು. ಆದರೆ ನಮ್ಮಲ್ಲಿ ಎಷ್ಟೋ ಜನರ ಹೆಸರಿನಲ್ಲಿ ಅಲ್ಲಿ ಇನ್ನೂ ಜಮೀನಿದೆ. ಅಣ್ಣನೋ ಭಾವನೋ ನೋಡಿಕೊಳ್ಳುತ್ತಾರೆ. ಅಗಳಿನ ಆಚೆ ಬದಿ ಒಂದಿಷ್ಟು ಜಾಗಕ್ಕೆ ಔಷಧಿ ಹೊಡೆಯುವುದು ಬೇಡ, ಸವರುವ ಖರ್ಚು ನಾನು ಕೊಡುತ್ತೇನೆ ಅಂತ ಹೇಳಬಹುದಲ್ವಾ? ನಮ್ಮ ಮನೆಯಲ್ಲಿ ಹೇಳಿದ್ದೇನೆ. ನಕ್ಕರು, ಒಪ್ಪಿದರು.

ಹೊರಡುವವರಿಗೆ ಒಂದಿಷ್ಟು ಸೂಚನೆ. ಕೊಡಚಾದ್ರಿಗೆ ಹೋಗುವವರು ಅದು ಮೂಕಾಂಬಿಕಾ ವನ್ಯಜೀವಿಧಾಮದೊಳಗಿದೆ ಅನ್ನುವುದನ್ನು ಮರೆಯಬೇಡಿ. ಅರಣ್ಯ ಇಲಾಖೆಯವರನ್ನು ಕೇಳಿಯೇ ಹತ್ತಿ, ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ವಯಸ್ಸಾದವರು ಜೊತೆಗಿದ್ದರೆ ಕುಂದಾದ್ರಿ ಸುಲಭ, ಬಹುಪಾಲು ರಸ್ತೆ ಇದೆ. ಕವಲೇದುರ್ಗದಲ್ಲಿ ಕೋಟೆಯ ಕಲ್ಲುಗೋಡೆಯ ಸಂದುಗಳನ್ನೇ ನೋಡಿ, ಹೂ ಅಲ್ಲಿರುತ್ತವೆ. ಎಲ್ಲಿಗೇ ಹೋದರೂ ಮುಚ್ಚಿದ ಬೂಟು ಹಾಕಿ, ಹುಲ್ಲಿನಲ್ಲಿ ಕೋಲು ಬಡಿಯುತ್ತ ನಡೆಯಿರಿ, ಹಾವಿಗೂ ದಾರಿ ಬಿಡಲು ಹೊತ್ತು ಬೇಕು. ನೆರಳಿನ ಕಡೆ ಉಂಬಳ ಇನ್ನೂ ಇದ್ದರೆ ಉಪ್ಪು ಅಥವಾ ಸುಣ್ಣ ಸಾಕು. ಬೇರೆಯವರ ಬ್ಯಾಣ ಆದರೆ ಒಂದು ಮಾತು ಕೇಳಿ ಒಳಗೆ ಹೋಗಿ. ಬೇಡ ಅಂದವರನ್ನು ನಾನು ಕಂಡಿಲ್ಲ, ಕಾಫಿ ಕುಡಿಸದೆ ಕಳಿಸಿದವರನ್ನೂ ಕಂಡಿಲ್ಲ.

ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮ್ಮ ಹೂಗಳಿಗೆ ಮೀಸಲು. ಊರಿಗೆ ಹೋದವರು ಅಲ್ಲಿಯದು ಕಳಿಸಿ, ಇಲ್ಲೇ ಇದ್ದವರು ಇಲ್ಲಿಯ ಕಾಲುದಾರಿಯದು ಕಳಿಸಿ. ಹೂವಿನ ಜೊತೆ ಎಲೆಯೂ ಕಾಣುವ ಹಾಗೆ ಒಂದು ಫೋಟೊ ಇರಲಿ, ಇಲ್ಲದಿದ್ದರೆ ಗುರುತು ಹಿಡಿಯುವುದು ಕಷ್ಟ. ಊರು, ದಿನಾಂಕ, ಮನೆಯವರು ಹೇಳಿದ ಹೆಸರು ಬರೆಯಿರಿ. ಹೆಸರು ಹೇಳಿದವರು ಯಾರು, ಅಜ್ಜಿಯೋ ಅತ್ತೆಯೋ, ಅದನ್ನೂ ಬರೆಯಿರಿ. ಜೋಗದ ಫೋಟೊ ಈ ಸಲ ಬೇಡ.