ಮಗಳಿಗೊಂದು ಪತ್ರ: ಕ್ಯಾಮೆರಾಕ್ಕಿಂತ ಮೊದಲು ನೀನು ಹೋಗಬೇಕು

ವಿಜಯಪುರ

ಚಿರಂಜೀವಿ ಮಗಳಿಗೆ ಅವ್ವನ ಆಶೀರ್ವಾದಗಳು.

ಬೆಂಗಳೂರಿನ ವಾಹಿನಿಯಲ್ಲಿ ನೀನು ಸಹಾಯಕ ನಿರ್ಮಾಪಕಿಯಾಗಿ ಸೇರಿದ್ದು ನನಗೆ ಬಹಳ ಸಂತೋಷ ತಂದಿದೆ. ಇದೇ ಕೆಲಸದಲ್ಲಿ ಬಾಳು ಸವೆಸಿದವಳಾದ್ದರಿಂದ, ಫೋನಿನಲ್ಲಿ ಹೇಳಿ ಮುಗಿಸಲಾಗದ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ವಿಷಯವನ್ನು ಆಯುವುದು, ಖರ್ಚಿನ ಅಂದಾಜು ಬರೆಯುವುದು, ಜನರನ್ನು ಒಪ್ಪಿಸುವುದು, ಎಡಿಟಿಂಗ್ ಕೋಣೆಯಲ್ಲಿ ಕೊನೆಯ ಕಟ್‌ ಆಗುವವರೆಗೂ ಕೂರುವುದು, ಪ್ರಸಾರದ ಗಳಿಗೆಗೆ ಕಾರ್ಯಕ್ರಮವನ್ನು ಮುಟ್ಟಿಸುವುದು ಇವೆಲ್ಲವೂ ನಿರ್ಮಾಪಕಿಯ ಹೊಣೆ. ಹೆಸರು ಮಾತ್ರ ಬೇರೆಯವರಿಗೆ ಸಲ್ಲುತ್ತದೆ. ‘ಮಾಲ್ಗುಡಿ ಡೇಸ್’ ಎಂದೊಡನೆ ಜನ ಶಂಕರ್ ನಾಗ್ ಅವರನ್ನೂ ಆಗುಂಬೆಯನ್ನೂ ನೆನೆಯುತ್ತಾರೆ. ಅದನ್ನು ನಿರ್ಮಿಸಿದ ಟಿ.ಎಸ್. ನರಸಿಂಹನ್ ಅವರ ಹೆಸರು ಹೇಳುವವರು ವಿರಳ. ಇದನ್ನು ಮೊದಲೇ ಮನಸ್ಸಿಗೆ ತಂದುಕೊಂಡರೆ ಮುಂದೆ ನೋವಾಗುವುದಿಲ್ಲ.

ನಮ್ಮ ಜಿಲ್ಲೆಗೆ ಟೆಲಿವಿಷನ್ ಬಂದ ಬಗೆ ನಿನಗೆ ತಿಳಿದಿರಲಿ. ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾಗಿದ್ದು 1981ರಲ್ಲಿ. ಅದಕ್ಕೂ ಮುಂಚೆ, 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ, ನಾಸಾದ ಎಟಿಎಸ್-6 ಉಪಗ್ರಹವನ್ನು ಬಳಸಿಕೊಂಡು ಇಸ್ರೋ ನಡೆಸಿದ ‘ಸೈಟ್’ ಎಂಬ ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂದಿತ್ತು. ಅವುಗಳಲ್ಲಿ ಅಂದಿನ ಬಿಜಾಪುರ ಜಿಲ್ಲೆಯ ಹಳ್ಳಿಗಳೂ ಇದ್ದವು. ತಂತಿಜಾಳಿಗೆಯ ಆಂಟೆನಾ ನಿಲ್ಲಿಸಿದ ಆ ಊರುಗಳಲ್ಲಿ ಸಂಜೆಯಾದರೆ ಜನ ಒಂದೇ ಸೆಟ್ಟಿನ ಮುಂದೆ ಕೂತು ಒಕ್ಕಲುತನದ, ಆರೋಗ್ಯದ ಕಾರ್ಯಕ್ರಮ ನೋಡುತ್ತಿದ್ದರು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ದೂರದ ಹೈದರಾಬಾದಿನಲ್ಲಿ. ಆದರೂ, ನೋಡಿದವರಿಗೆ ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂದು ಊರಲ್ಲೇ ಕೇಳಿ ಬರೆದುಕೊಳ್ಳಲು ಸಂಶೋಧಕರಿದ್ದರು. ಈಗ ನಿನಗೆ ಪ್ರತಿ ಗುರುವಾರ ಟಿಆರ್‌ಪಿ ಬರುತ್ತದೆ. ಆಯ್ದ ಮನೆಗಳ ಮೀಟರುಗಳು ಎಷ್ಟು ಜನ ನೋಡಿದರೆಂದು ಹೇಳುತ್ತವೆ. ನೋಡಿದವರ ಮನಸ್ಸಿಗೆ ಏನು ಮುಟ್ಟಿತೆಂದು ಹೇಳುವುದಿಲ್ಲ. ಆ ಕೆಲಸ ಇಂದಿಗೂ ನಿರ್ಮಾಪಕಿಯದೇ ಎಂದು ನಾನು ನಂಬಿದ್ದೇನೆ.

ಇಳಕಲ್ಲಿನಲ್ಲಿ ಸೀರೆಯ ಬಗ್ಗೆ ಕಾರ್ಯಕ್ರಮ ಮಾಡಿದ್ದನ್ನು ಹೇಳುತ್ತೇನೆ. ಅಲ್ಲಿ ಸೆರಗಿನ ಹಾಸನ್ನು, ಅಂದರೆ ಉದ್ದಕ್ಕೆ ಹಾಯುವ ನೂಲನ್ನು, ಸೀರೆಯ ಮೈಯ ಹಾಸಿಗೆ ಎಳೆ ಎಳೆಯಾಗಿ ಕುಣಿಕೆ ಹಾಕಿ ಜೋಡಿಸುತ್ತಾರೆ; ಅದೇ ಕೊಂಡಿ. ಮಗ್ಗದ ಮೇಲಿನ ಆ ಸೀರೆಗೆ ಅದು ಒಮ್ಮೆ ಮುಗಿದರೆ ಮುಗಿಯಿತು. ‘ಇನ್ನೊಮ್ಮೆ ಮಾಡ್ರಿ’ ಎನ್ನುವ ಹಾಗಿಲ್ಲ. ಹಾಗಾಗಿ ಕ್ಯಾಮೆರಾ ಇಲ್ಲದೆ ಮೊದಲು ನಾನೊಬ್ಬಳೇ ಹೋಗಿ ನೆಲದ ಕುಣಿಯಲ್ಲಿ ಕಾಲಿಳಿಸಿ ನೇಯುವ ಕುಣಿಮಗ್ಗದ ಪಕ್ಕ ಕೂತೆ. ನೇಕಾರರ ಮನೆಯ ಹೆಣ್ಣುಮಗಳು ಎಳೆಗಳನ್ನು ಎಣಿಸದೆ, ಕಣ್ಣೂ ಹಾಯಿಸದೆ, ಬೆರಳ ತುದಿಯಲ್ಲೇ ಹುಡುಕಿ ಹುರಿ ಮಾಡುತ್ತಿದ್ದಳು. ಚಿತ್ರೀಕರಣದಲ್ಲಿ ಕ್ಯಾಮೆರಾವನ್ನು ಅವಳ ಮುಖದ ಮೇಲಲ್ಲ, ಬೆರಳುಗಳ ಮೇಲೆ ಇಡಬೇಕೆಂದು ನನಗೆ ಹೊಳೆದದ್ದು ಅಲ್ಲಿಯೇ. ಮಗ್ಗದ ಸದ್ದಿನಲ್ಲಿ ಮಾತು ಕೇಳುವುದಿಲ್ಲವೆಂದೂ ಅಂದೇ ಗೊತ್ತಾಯಿತು. ಮಾತನ್ನು ಮಗ್ಗ ನಿಲ್ಲಿಸಿ ದಾಖಲಿಸಬೇಕು, ಸದ್ದನ್ನು ಬೇರೆಯಾಗಿ ಹಿಡಿಯಬೇಕು. ಮಗ್ಗ ನಿಂತಷ್ಟು ಹೊತ್ತಿನ ಕೂಲಿಯನ್ನು ನಮ್ಮ ಖರ್ಚಿನ ಪಟ್ಟಿಯಲ್ಲೇ ಬರೆಯಬೇಕು. ಆ ಕೂಲಿಯನ್ನು ಬರೆದಿಡದ ನಿರ್ಮಾಪಕರನ್ನು ನಾನು ಒಳ್ಳೆಯ ನಿರ್ಮಾಪಕರೆಂದು ಒಪ್ಪಲಾರೆ.

ಧಾರಾವಾಹಿಯ ವಿಭಾಗಕ್ಕೆ ಹಾಕಿದರೆ ಒತ್ತಡ ಇನ್ನೊಂದು ಬಗೆಯದು. ದಿನಕ್ಕೆ 22 ನಿಮಿಷದ ಆಸುಪಾಸಿನ ಕಂತು ಸಿದ್ಧವಾಗಲೇಬೇಕು. ಕೈಯಲ್ಲಿ ಕಂತುಗಳ ಬ್ಯಾಂಕಿಂಗ್, ಅಂದರೆ ಮೊದಲೇ ಚಿತ್ರೀಕರಿಸಿಟ್ಟ ಕಂತುಗಳು, ಇರದಿದ್ದರೆ ಒಬ್ಬ ಕಲಾವಿದೆಗೆ ಜ್ವರ ಬಂದರೂ ಕಥೆಯೇ ತಿರುಗಬೇಕಾಗುತ್ತದೆ. ಲೈಟ್‌ಬಾಯ್‌ಗಳ ಬಾಟಾ, ಅಂದರೆ ದಿನಭತ್ಯೆ, ಅಂದಂದೇ ಸಲ್ಲಲಿ. ನಮ್ಮ ಕಡೆಯ ಮಾತನ್ನು ಅಡುಗೆಭಟ್ಟನ ಬಾಯಲ್ಲಿ ನಗಿಸಲಷ್ಟೇ ಹಾಕುವ ಸಂಭಾಷಣೆ ಬಂದರೆ ನಿಲ್ಲಿಸಿ ಕೇಳು, ಮಗಳೇ. ವೈದ್ಯೆಯೂ, ನ್ಯಾಯಾಧೀಶೆಯೂ ನಮ್ಮ ಹಾಗೆಯೇ ಮಾತನಾಡುತ್ತಾರೆ. ಅದು ತೆರೆಯ ಮೇಲೂ ಕಾಣಬೇಕು.

ಗುಳೇದಗುಡ್ಡದ ಖಣದ, ಅಂದರೆ ಕುಪ್ಪಸದ ಬಟ್ಟೆಯ, ಬಗ್ಗೆ ಒಂದು ಕಾರ್ಯಕ್ರಮಕ್ಕೆ ಒಪ್ಪಿಗೆ ಕೇಳಿದ್ದೇನೆ ಎಂದಿದ್ದೆಯಲ್ಲ. ಒಪ್ಪಿಗೆ ಸಿಕ್ಕರೆ ತಂಡಕ್ಕಿಂತ ಎರಡು ದಿನ ಮುಂಚೆ ಹೊರಡು. ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ನಾನೂ ಕೂಡಿಕೊಳ್ಳುತ್ತೇನೆ.

ನಿನ್ನ ಅವ್ವ