ಶಾಸಕರ ಗೆಲುವಿನ ಲೆಕ್ಕ ಬಿಡಿಸಿ ಬರೆಯಿರಿ

ಮಾನ್ಯ ಸಂಪಾದಕರೇ,

ಶಾಸಕರೊಬ್ಬರ ಪರಿಚಯ ಬರೆಯುವಾಗ ಪತ್ರಿಕೆಗಳು ‘ಇಷ್ಟು ಬಾರಿ ಗೆದ್ದವರು’ ಎಂದು ಒಂದೇ ಅಂಕಿಯಲ್ಲಿ ಮುಗಿಸಿಬಿಡುತ್ತವೆ. ಬೆಳಗಾವಿ ಜಿಲ್ಲೆಯ 18 ಕ್ಷೇತ್ರಗಳ ಮಟ್ಟಿಗಂತೂ ಅಷ್ಟರಿಂದ ಮತದಾರನಿಗೆ ಏನೂ ತಿಳಿಯುವುದಿಲ್ಲ. ಅದರಲ್ಲಿ ಸಾರ್ವತ್ರಿಕ ಚುನಾವಣೆ ಎಷ್ಟು, ಉಪಚುನಾವಣೆ ಎಷ್ಟು, ಆ ಉಪಚುನಾವಣೆ ಯಾಕೆ ಬಂತು, ಯಾವ ಚಿಹ್ನೆ, ಎಷ್ಟು ಅಂತರ ಎಂಬುದನ್ನು ಬಿಡಿಬಿಡಿಯಾಗಿ ಕೊಡಬೇಕು.

ಹುಕ್ಕೇರಿಯನ್ನೇ ನೋಡಿ. ತಂದೆ ವಿಶ್ವನಾಥ ಕತ್ತಿ ಅವರ ನಿಧನದ ನಂತರ 1985ರಲ್ಲಿ ಶಾಸಕರಾದ ಉಮೇಶ ಕತ್ತಿ ಅವರ ಹೆಸರಿಗೆ ಎಂಟು ಗೆಲುವುಗಳಿವೆ. ನಡುವೆ 2004ರಲ್ಲಿ ಸೋತಿದ್ದರು. 2008ರ ಮೇ ತಿಂಗಳಲ್ಲಿ ಜೆಡಿಎಸ್‌ನಿಂದ ಗೆದ್ದು, ರಾಜೀನಾಮೆ ಕೊಟ್ಟು, ಅದೇ ಡಿಸೆಂಬರ್‌ನಲ್ಲಿ ಬಿಜೆಪಿಯಿಂದ ಮತ್ತೆ ಗೆದ್ದರು. ಒಂದೇ ವರ್ಷದಲ್ಲಿ, ಒಂದೇ ವಿಧಾನಸಭೆಗೆ ಎರಡು ಗೆಲುವು. ಹಾಗಾಗಿ ಕತ್ತಿ ಅವರು ಗೆದ್ದದ್ದು ಎಂಟು ಸಲವಾದರೂ ಕೂತದ್ದು ಏಳು ವಿಧಾನಸಭೆಗಳಲ್ಲಿ. 2022ರ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡ ಮೇಲೆ ಹುಕ್ಕೇರಿಗೆ ಉಪಚುನಾವಣೆಯೇ ಬರಲಿಲ್ಲ. ತೆರವಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕು, ಆದರೆ ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಬೇಕಿಲ್ಲ ಎನ್ನುತ್ತದೆ ಜನಪ್ರಾತಿನಿಧ್ಯ ಕಾಯ್ದೆಯ 151ಎ ಕಲಂ. ಆ ಸೀಟು 2023ರ ಮೇ ತಿಂಗಳವರೆಗೆ ಖಾಲಿಯೇ ಉಳಿದು, ಆಮೇಲೆ ಮಗ ನಿಖಿಲ್ ಕತ್ತಿ ಗೆದ್ದರು.

ಅಥಣಿಯ ಕಥೆ ಇನ್ನೂ ಗಂಟುಗಂಟು. 2004, 2008, 2013ರಲ್ಲಿ ಬಿಜೆಪಿಯಿಂದ ಗೆದ್ದ ಲಕ್ಷ್ಮಣ ಸವದಿ 2018ರಲ್ಲಿ ಕಾಂಗ್ರೆಸ್‌ನ ಮಹೇಶ ಕುಮಠಳ್ಳಿ ಎದುರು 2,331 ಮತಗಳಿಂದ ಸೋತರು. 2019ರ ಜುಲೈನಲ್ಲಿ ಕುಮಠಳ್ಳಿ ಅವರನ್ನು ಪಕ್ಷಾಂತರ ತಡೆಯುವ ಸಂವಿಧಾನದ ಹತ್ತನೇ ಷೆಡ್ಯೂಲಿನಡಿ ಸ್ಪೀಕರ್ ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸುವಂತಿಲ್ಲ ಎಂಬ ಭಾಗವನ್ನು ಮಾತ್ರ ರದ್ದುಮಾಡಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅವರೇ ಬಿಜೆಪಿ ಅಭ್ಯರ್ಥಿಯಾಗಿ ಗೆದ್ದರು. ಇತ್ತ ಸವದಿ ಯಾವ ಸದನದ ಸದಸ್ಯರಲ್ಲದೆಯೂ 2019ರ ಆಗಸ್ಟ್‌ನಲ್ಲಿ ಮಂತ್ರಿಯಾಗಿ, ಉಪಮುಖ್ಯಮಂತ್ರಿಯೂ ಆದರು. ಅಂಥ ಮಂತ್ರಿ ಸದನದ ಸದಸ್ಯರಾಗಲು ಸಂವಿಧಾನದ 164(4)ನೇ ವಿಧಿ ಕೊಡುವ ಗಡುವು ಆರೇ ತಿಂಗಳು. ಅದು ಮುಗಿಯುವ ಹೊತ್ತಿಗೆ, 2020ರ ಫೆಬ್ರುವರಿಯಲ್ಲಿ, ವಿಧಾನ ಪರಿಷತ್ತಿಗೆ ಆಯ್ಕೆಯಾದರು. 2023ರಲ್ಲಿ ಅವರು ಕಾಂಗ್ರೆಸ್, ಕುಮಠಳ್ಳಿ ಬಿಜೆಪಿ. ಸವದಿ ಗೆದ್ದ ಅಂತರ 76 ಸಾವಿರಕ್ಕೂ ಹೆಚ್ಚು. ಐದು ವರ್ಷದಲ್ಲಿ ಇಬ್ಬರೂ ಪಕ್ಷ ಅದಲುಬದಲು ಮಾಡಿಕೊಂಡದ್ದನ್ನು ‘ನಾಲ್ಕನೇ ಬಾರಿ ಶಾಸಕ’ ಎಂಬ ಒಂದು ಸಾಲು ಹೇಗೆ ಹೇಳೀತು?

ಮತ ಎಲ್ಲಿಂದ ಬಂತು ಎಂದು ತಿಳಿಯಬೇಕಾದವರು ನಮೂನೆ 20 ಎಂಬ ಫಲಿತಾಂಶದ ಹಾಳೆ ನೋಡಬೇಕು. ಪ್ರತಿ ಮತಗಟ್ಟೆಯಲ್ಲಿ ಪ್ರತಿ ಅಭ್ಯರ್ಥಿಗೆ ಬಿದ್ದ ಮತ ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಜನ ತಪ್ಪುವುದು ಇಲ್ಲೇ. ಹಾಳೆಯಲ್ಲಿ ಮತಗಟ್ಟೆಯ ನಂಬರ್ ಮಾತ್ರ ಇರುತ್ತದೆ, ಊರಿನ ಹೆಸರಿರುವುದಿಲ್ಲ. ಮತದಾರರು ಹೆಚ್ಚಾದರೆ ಮತಗಟ್ಟೆ ಒಡೆದು ಎರಡಾಗುತ್ತದೆ, ಮುಂದಿನ ನಂಬರ್‌ಗಳೆಲ್ಲ ಸರಿಯುತ್ತವೆ. 2018ರ 45ನೇ ಮತಗಟ್ಟೆ 2023ರಲ್ಲಿ ಪಕ್ಕದ ಊರಿನ ಶಾಲೆಯದಾಗಿರಬಹುದು. ಆದ್ದರಿಂದ ಆಯಾ ವರ್ಷದ ಮತಗಟ್ಟೆ ಪಟ್ಟಿ ಪಕ್ಕಕ್ಕಿಟ್ಟುಕೊಂಡು ಶಾಲೆಯ ಹೆಸರಿಂದಲೇ ತಾಳೆ ನೋಡಬೇಕು. ಅಂಚೆ ಮತಗಳು ಕೊನೆಗೆ ಬೇರೆಯಾಗಿ ಬರುತ್ತವೆ, ಅವನ್ನು ಯಾವ ಊರಿನ ಲೆಕ್ಕಕ್ಕೂ ಸೇರಿಸುವಂತಿಲ್ಲ. 2004ರ ಅಂಕಿಯನ್ನು 2008ರದರ ಜೊತೆ ಹೋಲಿಸಲೇಬೇಡಿ. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸಂಕೇಶ್ವರ ಕ್ಷೇತ್ರವೇ ಅಳಿಯಿತು, ಕುಡಚಿ ಹೊಸದಾಗಿ ಹುಟ್ಟಿತು. ಹೆಸರು ಉಳಿದ ಕಡೆಯೂ ಗಡಿ ಬದಲಾಗಿದೆ.

ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ ಎಲ್ಲರ ಕಣ್ಣೂ ಒಟ್ಟು ಆಸ್ತಿಯ ಮೇಲೆಯೇ. ‘ಐದು ವರ್ಷದಲ್ಲಿ ದುಪ್ಪಟ್ಟು’ ಎಂಬ ತಲೆಬರಹವೂ ಅಲ್ಲಿಂದಲೇ ಬರುತ್ತದೆ. ಆದರೆ ಜಮೀನಿಗೆ ಖರೀದಿ ಬೆಲೆ ಬೇರೆ, ಈಗಿನ ಮಾರುಕಟ್ಟೆ ಬೆಲೆ ಬೇರೆ ಕಾಲಮ್‌ನಲ್ಲಿ ಬರೆದಿರುತ್ತಾರೆ. ಹೊಲ ಅದೇ ನಾಲ್ಕು ಎಕರೆ ಇದ್ದರೂ ಪಕ್ಕದಲ್ಲಿ ರಸ್ತೆ ಬಂದರೆ ಎರಡನೆಯದು ಏರುತ್ತದೆ. ಮೊದಲು ಎರಡೂ ಚುನಾವಣೆಯ ಪ್ರಮಾಣಪತ್ರಗಳ ಸರ್ವೆ ನಂಬರ್ ಮತ್ತು ವಿಸ್ತೀರ್ಣ ಹೊಂದಿಸಿ. ಹೊಸ ಸರ್ವೆ ನಂಬರ್ ಕಂಡರೆ ಅದರ ಉತಾರ (ಪಹಣಿ) ತೆಗೆಸಿ ನೋಡಿ. ಹೆಂಡತಿ ಅಥವಾ ಗಂಡ, ಅವಿಭಕ್ತ ಕುಟುಂಬ, ಅವಲಂಬಿತರ ಕಾಲಮ್‌ಗಳನ್ನು ಬಿಡಬೇಡಿ. ಒಂದು ಸಲ ಸ್ವಂತ ಹೆಸರಲ್ಲಿದ್ದ ಹೊಲ ಮುಂದಿನ ಸಲ ಅಲ್ಲಿಗೆ ಹೋಗಿರುವುದುಂಟು.

ಖರ್ಚಿನ ಲೆಕ್ಕಕ್ಕೆ ಬಂದರೆ, ವಿಧಾನಸಭಾ ಅಭ್ಯರ್ಥಿಯ ಮಿತಿ 2018ರಲ್ಲಿ 28 ಲಕ್ಷ ಇದ್ದದ್ದು 2023ರಲ್ಲಿ 40 ಲಕ್ಷವಾಗಿತ್ತು. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಸಲ್ಲಿಸಬೇಕು. ಜಿಲ್ಲಾ ಚುನಾವಣಾಧಿಕಾರಿ ಕಚೇರಿಯಲ್ಲಿ ಒಂದು ರೂಪಾಯಿ ಶುಲ್ಕ ಕಟ್ಟಿ ಅದನ್ನು ಯಾರು ಬೇಕಾದರೂ ನೋಡಬಹುದು ಎಂದು ನಿಯಮವೇ ಇದೆ. ತಾರಾ ಪ್ರಚಾರಕರ ಓಡಾಟದ ಖರ್ಚು ಪಕ್ಷದ ಲೆಕ್ಕಕ್ಕೆ ಹೋಗುವುದರಿಂದ ಅಭ್ಯರ್ಥಿಯ ಮೊತ್ತ ಚಿಕ್ಕದಾಗಿ ಕಾಣುತ್ತದೆ.

ನಮ್ಮ ಕೋರಿಕೆ ಎರಡು. ತಮ್ಮ ಬೆಳಗಾವಿ ಆವೃತ್ತಿಯಲ್ಲಿ ಜಿಲ್ಲೆಯ ಪ್ರತಿ ಕ್ಷೇತ್ರಕ್ಕೂ 2008ರಿಂದ ಈಚಿನ ಎಲ್ಲ ಚುನಾವಣೆ, ಉಪಚುನಾವಣೆಗಳ ವಿವರವನ್ನು ಕಾರಣ, ಪಕ್ಷ, ಅಂತರಗಳೊಂದಿಗೆ ಒಂದು ಕೋಷ್ಟಕವಾಗಿ ಪ್ರಕಟಿಸಿ. ಜಿಲ್ಲಾಡಳಿತ ನಮೂನೆ 20ರ ಜೊತೆ ಮತಗಟ್ಟೆಗಳ ಹೆಸರಿನ ಪಟ್ಟಿಯನ್ನು ಕನ್ನಡದಲ್ಲಿ ಹೊಂದಿಸಿ ಪ್ರತಿ ತಹಶೀಲ್ದಾರ್ ಕಚೇರಿಯ ಸೂಚನಾ ಫಲಕದಲ್ಲಿ ಹಾಕಲಿ. ಎರಡೂ ಕಾಗದ ಈಗಾಗಲೇ ಅವರ ಬಳಿಯೇ ಇವೆ.

– ಚುನಾವಣಾ ಶಾಖೆಯ ನಿವೃತ್ತ ನೌಕರರು, ಅಥಣಿ