ಸರ್ವೆ ರಿಪೋರ್ಟ್ ಓದಲು ಕಲಿಸಿದವರಿಗೆ

ಹೆಸರು ಹಾಕಬೇಡಮ್ಮ ಅಂದಿದ್ದೀರಿ, ಹಾಕಲ್ಲ ಸರ್. ಆದರೆ ಥ್ಯಾಂಕ್ಸ್ ಹೇಳದೆ ಇರೋದು ಹೇಗೆ?

ವಿಮೆ ಮತ್ತು ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥರು ಮಾಡುವ ತೀರ್ಮಾನ) ಕೇಸುಗಳನ್ನೇ ನಂಬಿ ಬೆಂಗಳೂರಿನಲ್ಲಿ ವಕೀಲಿಕೆ ಶುರು ಮಾಡಿದಾಗ ನನಗೆ ಕಾನೂನು ಗೊತ್ತಿತ್ತು, ಗೋದಾಮು ಗೊತ್ತಿರಲಿಲ್ಲ. ವಿಮೆಯ ನಷ್ಟ ಅಂದಾಜು ಮಾಡುವ ಸರ್ವೇಯರ್ ಆಗಿ ಸುಟ್ಟ ಗೋದಾಮುಗಳನ್ನೇ ನೋಡುತ್ತಾ ಬಂದ ನೀವು, ಪಕ್ಕದಲ್ಲಿ ಕೂರಿಸಿಕೊಂಡು ರಿಪೋರ್ಟನ್ನು ಸಾಲು ಸಾಲಾಗಿ ಓದಿಸಿದಿರಿ. ಸ್ಟಾಕ್ ರಿಜಿಸ್ಟರ್, ಖರೀದಿ ಬಿಲ್ಲು, ಸುಟ್ಟು ಉಳಿದ ಮಾಲಿನ ಬೆಲೆ. ಆಮೇಲೆ ಆ್ಯವರೇಜ್ ಕ್ಲಾಸ್, ಅಂದರೆ ಮಾಲಿನ ಬೆಲೆಗಿಂತ ಕಡಿಮೆಗೆ ವಿಮೆ ಮಾಡಿಸಿದ್ದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಇಳಿಯುವ ಷರತ್ತು. 1 ಕೋಟಿಯ ಮಾಲಿಗೆ 60 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, 10 ಲಕ್ಷ ನಷ್ಟಕ್ಕೆ ಸಿಗೋದು 6 ಲಕ್ಷ ಅಷ್ಟೇ. ಹಳೇ ಕವರಿನ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದಿರಿ. ಈಗ ನಾನೂ ಕಕ್ಷಿದಾರರಿಗೆ ಹಾಗೇ ಬರೆದು ತೋರಿಸುತ್ತೇನೆ.

ಅದಕ್ಕಿಂತ ಜಾಸ್ತಿ ಉಪಕಾರ ಮಾಡಿದ್ದು ಇನ್ನೊಂದು ಮಾತು. ಕಂಪನಿ "ಇಷ್ಟೇ ಕೊಡ್ತೀವಿ" ಅಂದಿದೆಯೋ, "ಕೊಡೋದೇ ಇಲ್ಲ" ಅಂದಿದೆಯೋ ಮೊದಲು ನೋಡು ಅಂದಿರಿ. ಬೆಂಕಿ ವಿಮೆಯ ಪಾಲಿಸಿಗಳಲ್ಲಿ ಸಾಮಾನ್ಯವಾಗಿದ್ದ ಆರ್ಬಿಟ್ರೇಷನ್ ಷರತ್ತು ಮೊತ್ತದ ತಕರಾರಿಗೆ ಮಾತ್ರ ಇತ್ತು. ಹೊಣೆಯನ್ನೇ ಒಪ್ಪದಿದ್ದರೆ ಸಿವಿಲ್ ಕೋರ್ಟಿಗೋ ಗ್ರಾಹಕರ ಆಯೋಗಕ್ಕೋ ಹೋಗಬೇಕಿತ್ತು. 2018ರ ನರ್ಭೇರಾಂ ಪವರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಅಂಥ ಷರತ್ತನ್ನು ಹೀಗೇ ಓದಿತು. ಇದು ತಿಳಿಯದೆ ತಪ್ಪು ಬಾಗಿಲು ತಟ್ಟಿ ಸೋತು ಬಂದ ಅಂಗಡಿಯವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ನಿಮಗೇನು ಲಾಭವಿತ್ತು ಇದರಲ್ಲಿ? ಒಂದು ರೂಪಾಯಿ ಮುಟ್ಟಲಿಲ್ಲ. ನನ್ನ ಜೂನಿಯರ್ ಹುಡುಗಿ ಈಗ ಮೊದಲ ಸರ್ವೆ ರಿಪೋರ್ಟ್ ಹಿಡಿದು ಕೂತಿದ್ದಾಳೆ. ಬಿಡುವಾದಾಗ ಆಫೀಸಿಗೆ ಬನ್ನಿ ಸರ್, ಅವಳಿಗೂ ನೀವೇ ಹೇಳಿಕೊಡಬೇಕು.